ಶಿಕ್ಷಾಕಾರಲಕ್ಷಣವೂ ಕಾರವಾರ-ಅಂಕೋಲೆಗಳ ಗೀತಸಂಪ್ರದಾಯವೂ

೧

ಸಂಗೀತವನ್ನು ಬಲ್ಲವನು ಅದನ್ನು ಕಲಿಸಲೂ ಬಲ್ಲನೆಂಬ ಭಾವನೆಯು ಲೋಕದಲ್ಲಿ ಸಾಮಾನ್ಯವಾಗಿದೆ. ಶಾಸ್ತ್ರಕಾರರಿಗಾದರೋ ಇದು ಸಮ್ಮತವಾದುದಲ್ಲ. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವ ದೊರೆಯಾದ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ‘ಸಂಗೀತರತ್ನಾಕರ’ದ ಪ್ರಕೀರ್ಣಕಾಧ್ಯಾಯದಲ್ಲಿ ಗಾಯಕರನ್ನು ಶಿಕ್ಷಾಕಾರ, ಅನುಕಾರ, ರಸಿಕ, ರಂಜಕ, ಭಾವಕ ಎಂದು ಐದು ಬಗೆಯಾಗಿ ವಿಂಗಡಿಸಿದ್ದಾನೆ. ಪರರ ಶೈಲಿಯನ್ನು ಅನುಸರಿಸಿ ಹಾಡುವವನು ಅನುಕಾರನು; ಕೇಳುವವರ ಮನಸ್ಸನ್ನು ರಂಜಿಸುವವನು ರಂಜಕನು. ಇವರಿಂದ ಬೇರೆಯಾಗಿ, ವಿದ್ಯೆಯನ್ನು ನ್ಯೂನತೆಯಿಲ್ಲದಂತೆ ಕಲಿಸುವುದರಲ್ಲಿ ದಕ್ಷನಾದವನೇ ಶಿಕ್ಷಾಕಾರನು. ಬೋಧನಸಾಮರ್ಥ್ಯವು ಪ್ರತ್ಯೇಕವಾದೊಂದು ಶಕ್ತಿಯೆಂಬುದು ಇದರಿಂದ ಸಿದ್ಧವಾಗುತ್ತದೆ. ಶಕ್ತಿಯು ಪ್ರತ್ಯೇಕವಾದಮೇಲೆ ಅದಕ್ಕೆ ತಕ್ಕ ಅಭ್ಯಾಸವೂ ಪ್ರತ್ಯೇಕವಾಗಿರಬೇಕಷ್ಟೆ. ಆ ಅಭ್ಯಾಸದಲ್ಲಿ ಏನೇನು ಅಡಕವಾಗಿರಬೇಕೆಂಬುದನ್ನು ಕಾರವಾರ, ಅಂಕೋಲೆ ತಾಲೂಕುಗಳ ದೃಷ್ಟಾಂತದಿಂದ ವಿಚಾರಿಸುವುದೇ ಈ ಲೇಖನದ ಉದ್ದೇಶ.

೨

ಉತ್ತರ ಕನ್ನಡ ಜಿಲ್ಲೆಯು ೧೮೬೨ರಿಂದ ೧೯೫೬ರವರೆಗೆ ಮುಂಬಯಿ ಆಧಿಪತ್ಯಕ್ಕೆ ಸೇರಿದ್ದಿತು. ಧಾರವಾಡ ಸೀಮೆಯಲ್ಲಿರುವಂತೆ ಈ ಕರಾವಳಿಯಲ್ಲಿಯೂ ಶಾಸ್ತ್ರೀಯ ಶಿಕ್ಷಣವು ಹೆಚ್ಚಾಗಿ ಹಿಂದುಸ್ತಾನಿ ಪದ್ಧತಿಯದು. ಆದರೆ ಪಾಠಶಾಲೆಯನ್ನು ಹೊಗುವ ಮಕ್ಕಳ ಕಿವಿಗಳು ಅಷ್ಟರಲ್ಲಿಯೇ ನಾನಾ ಬಗೆಯ ಗೀತಗಳಿಂದ ತುಂಬಿರುತ್ತವೆ. ಕಾರವಾರದ ಮಗುವಿನ ಮನೆಮಾತು ಅನೇಕ ವೇಳೆ ಕೊಂಕಣಿ. ಭಜನೆಯೋ ನಾಟ್ಯಗೀತವೋ ಮರಾಠಿಯಲ್ಲಿರುವುದುಂಟು. ಇಗರ್ಜಿಯ ಸ್ತೋತ್ರಗಳ ಧಾಟಿಯು ಇನ್ನೊಂದು. ಅಂಕೋಲೆಯ ಹಾಲಕ್ಕಿ ಒಕ್ಕಲಿಗರ ಮನೆಯ ಮಗುವಿಗೆ ಫಾಲ್ಗುಣದ ಸುಗ್ಗಿಯ ಕುಣಿತವೂ ಗುಮಟೆಯ ಪಾಂಗೂ ಮದುವೆಯ ಹಾಡುಗಳೂ ಹುಟ್ಟಿನಿಂದಲೇ ಪರಿಚಿತ. ಘಟ್ಟದ ಸೀಮೆಯಲ್ಲಿ ಆಫ್ರಿಕ ಮೂಲದ ಸಿದ್ದಿ ಜನರ ಡಮಾಮಿಯ ಲಯವಿದೆ. ಬಡಗುತಿಟ್ಟಿನ ಯಕ್ಷಗಾನವಂತೂ ಸರ್ವರಿಗೂ ಸಾಧಾರಣ.

ಈ ಗೀತರಾಶಿಯ ಪ್ರಮಾಣವನ್ನು ತಿಳಿಯಲು ಒಂದು ನಿದರ್ಶನವು ಸಾಕು. ಅಂಕೋಲೆ ತಾಲೂಕಿನ ಬಡಿಗೇರಿಯ ಸುಕ್ರಿ ಬೊಮ್ಮಗೌಡರು ಅಕ್ಷರಾಭ್ಯಾಸವಿಲ್ಲದೆ ಸಾವಿರಾರು ಹಾಡುಗಳನ್ನು ಕಂಠಸ್ಥವಾಗಿ ಇಟ್ಟುಕೊಂಡಿದ್ದರು. ೨೦೧೭ರಲ್ಲಿ ಅವರಿಗೆ ಪದ್ಮಶ್ರೀ ಗೌರವವು ಸಂದಿತು; ೨೦೨೫ನೆಯ ಫೆಬ್ರವರಿಯಲ್ಲಿ ಅವರು ದಿವಂಗತರಾದರು. ಲಿಪಿಯ ಆಧಾರವಿಲ್ಲದೆ ಬಾಯಿಂದ ಬಾಯಿಗೆ ಬಂದ ವಿದ್ಯೆಯಲ್ಲಿ ಒಬ್ಬ ಹಿರಿಯರು ಹೋದರೆಂದರೆ ಒಂದು ಗ್ರಂಥಭಂಡಾರವೇ ಮುಚ್ಚಿದಂತೆ. ಇಂತಹ ಮನೆಗಳ ಮಗುವು ಸಂಗೀತದ ತರಗತಿಗೆ ಬಂದು, ತನ್ನ ಅಜ್ಜಿ ಹಾಡುವುದು ಸಂಗೀತವೇ ಅಲ್ಲವೆಂಬ ಭಾವನೆಯನ್ನು ಹೊತ್ತು ಮನೆಗೆ ಮರಳಿದರೆ, ಆ ಪರಂಪರೆಯು ಅಲ್ಲಿಯೇ ಕಡಿಯುತ್ತದೆ. ಶಿಕ್ಷಕನು ಇದನ್ನು ಬಾಯಿಬಿಟ್ಟು ಹೇಳಬೇಕೆಂದಿಲ್ಲ. ವರ್ಷವಿಡೀ ಆ ಹಾಡನ್ನು ಒಮ್ಮೆಯೂ ಕೇಳದಿದ್ದರೆ ಸಾಕು.

೩

ದೇಶೀಯ ಗೀತವನ್ನು ಪಾಠಶಾಲೆಯಲ್ಲಿ ಸೇರಿಸುವುದು ಶಾಸ್ತ್ರಕ್ಕೆ ವಿರೋಧವೆಂದು ಕೆಲವರು ಶಂಕಿಸಬಹುದು. ಈ ಶಂಕೆಗೆ ಆಧಾರವಿಲ್ಲ. ಮತಂಗನ ‘ಬೃಹದ್ದೇಶೀ’ ಎಂಬ ಗ್ರಂಥದ ಹೆಸರೇ ದೇಶೀ ಸಂಗೀತದ ಗೌರವವನ್ನು ಸೂಚಿಸುತ್ತದೆ. ಸ್ತ್ರೀಯರು, ಬಾಲಕರು, ಗೋವಳರು, ಅರಸರು ತಂತಮ್ಮ ದೇಶಗಳಲ್ಲಿ ಸ್ವೇಚ್ಛೆಯಿಂದ, ಅನುರಾಗದಿಂದ ಹಾಡುವುದೇ ದೇಶೀ ಎಂಬುದು ಅವನು ಹೇಳುವ ಲಕ್ಷಣದ ತಾತ್ಪರ್ಯ. ಗೋವಳನನ್ನೂ ಅರಸನನ್ನೂ ಒಂದೇ ಸಾಲಿನಲ್ಲಿ ಇರಿಸಿರುವುದು ಗಮನಾರ್ಹ. ೧೯೨೮ರಲ್ಲಿ ತಿರುವನಂತಪುರದ ಸಂಸ್ಕೃತ ಗ್ರಂಥಮಾಲೆಯಲ್ಲಿ ಮುದ್ರಿತವಾದ ಈ ಗ್ರಂಥದಲ್ಲಿ, ನಾಲ್ಕು ಸ್ವರಗಳ ಮಿತಿಯಲ್ಲಿರುವ ಗಾನವು ಮಾರ್ಗದಲ್ಲಿ ಸೇರದೆಂದೂ, ಅಂತಹುದು ಶಬರ, ಪುಲಿಂದ, ಕಿರಾತ ಮೊದಲಾದ ಜನಗಳಲ್ಲಿ ಪ್ರಯೋಗದಲ್ಲಿದೆಯೆಂದೂ ಉಕ್ತವಾಗಿದೆ. ಮಾರ್ಗವಲ್ಲವೆಂದು ಹೇಳಿದರೂ ಅದನ್ನು ಕೇಳಿ, ಸ್ವರಗಳನ್ನು ಎಣಿಸಿ, ಹಾಡುವ ಜನರ ಹೆಸರನ್ನು ದಾಖಲು ಮಾಡಲಾಗಿದೆ. ಮೂರು ನಾಲ್ಕು ಸ್ವರಗಳಲ್ಲಿಯೇ ಸುಳಿಯುವ ಜನಪದ ಗೀತವನ್ನು ಅಪೂರ್ಣವಾದ ರಾಗವೆಂದು ಭಾವಿಸಿ ಅದಕ್ಕೆ ಉಳಿದ ಸ್ವರಗಳನ್ನು ತುಂಬಿಸಹೊರಡುವ ಶಿಕ್ಷಕನು ಈ ಪ್ರಾಚೀನರ ವಿವೇಕವನ್ನು ಮೀರುತ್ತಾನೆ.

ಎರಡು ಪದ್ಧತಿಗಳ ಸಮಾಗಮಕ್ಕೂ ಕರ್ಣಾಟಕದಲ್ಲಿಯೇ ಪೂರ್ವದೃಷ್ಟಾಂತವಿದೆ. ಹದಿನಾರನೆಯ ಶತಮಾನದ ಪುಂಡರೀಕ ವಿಠ್ಠಲನು ಶಿವಗಂಗೆಯ ಸಮೀಪದ ಸಾತನೂರಿನವನು. ಖಾನದೇಶದ ಬುರ್ಹಾನಖಾನನ ಆಸ್ಥಾನವನ್ನು ಸೇರಿ, ದಕ್ಷಿಣದ ಮೇಳಕ್ರಮದ ಬಲದಿಂದ ಉತ್ತರದ ರಾಗಗಳಿಗೆ ವ್ಯವಸ್ಥೆಯನ್ನು ಕಲ್ಪಿಸಿ ‘ಸದ್ರಾಗಚಂದ್ರೋದಯ’ವನ್ನು ರಚಿಸಿದನು. ಅವನ ‘ರಾಗಮಂಜರಿ’ಯಲ್ಲಿ ಪಾರಸೀಕ ರಾಗಗಳ ಹೆಸರುಗಳೂ ಇಲ್ಲಿಯ ರಾಗಗಳ ಜೊತೆಯಲ್ಲಿ ನಿರ್ದಿಷ್ಟವಾಗಿವೆ. ಪರಕೀಯವೆಂದು ತೋರುವುದನ್ನು ಮೊದಲು ಅದರ ಹೆಸರಿನಿಂದಲೇ ಅರಿತು, ಅನಂತರ ಸಾಮ್ಯವನ್ನು ಹುಡುಕುವ ಈ ಕ್ರಮವು ಶಿಕ್ಷಕರಿಗೆ ಆದರ್ಶಪ್ರಾಯವಾದುದು.

೪

ಶಿಕ್ಷಕರನ್ನು ಸಿದ್ಧಗೊಳಿಸುವ ಯತ್ನಗಳೂ ಹೊಸವಲ್ಲ. ವಿಷ್ಣು ದಿಗಂಬರ ಪಲುಸ್ಕರರು ೧೯೦೧ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ಸ್ಥಾಪಿಸಿ, ಬೋಧಕರಾಗತಕ್ಕವರಿಗಾಗಿ ‘ಉಪದೇಶಕ’ವರ್ಗವನ್ನು ನಡೆಸಿದರು. ಅವರ ಶಿಷ್ಯಪರಂಪರೆಯು ೧೯೩೧ರಲ್ಲಿ ಕಟ್ಟಿದ ಮಂಡಲದಿಂದ ಪರೀಕ್ಷಾಕ್ರಮವೂ ಸ್ವರಲಿಪಿಯೂ ಊರೂರಿಗೆ ಹರಡಿದವು. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಮಾರ್ಗವು ಇದಕ್ಕಿಂತ ಭಿನ್ನ. ಸ್ವತಃ ಅಂಧರಾದ ಪಂಚಾಕ್ಷರಿ ಗವಾಯಿಗಳು (೧೮೯೨–೧೯೪೪) ಹಿಂದುಸ್ತಾನಿ, ಕರ್ಣಾಟಕ ಪದ್ಧತಿಗಳೆರಡನ್ನೂ ಸಾಧಿಸಿ, ಅಂಧರಿಗೂ ಅನಾಥರಿಗೂ ಅನ್ನವಿದ್ಯೆಗಳನ್ನು ನೀಡಿದರು. ಅಂಧರಾದ ಪುಟ್ಟರಾಜ ಗವಾಯಿಗಳೂ ದೃಷ್ಟಿಯುಳ್ಳ ಬಸವರಾಜ ರಾಜಗುರುಗಳೂ ಅವರ ಶಿಷ್ಯರೇ. ಲಿಪಿಯನ್ನು ಕಾಣಲಾರದ ವಿದ್ಯಾರ್ಥಿಗೆ ಕಲಿಸಬೇಕಾದರೆ ಗುರುವು ವಿಷಯವನ್ನು ಕಿವಿಗೂ ಕೈಗೂ ನಿಲುಕುವಂತೆ ವಿಭಾಗಿಸಬೇಕಾಗುತ್ತದೆ. ಆ ವಿಭಾಗದ ಪ್ರಯೋಜನವು ದೃಷ್ಟಿಯುಳ್ಳವರಿಗೂ ದೊರೆಯುತ್ತದೆ.

೫

ಮೇಲಿನ ವಿಚಾರದಿಂದ ಶಿಕ್ಷಕರ ಅಭ್ಯಾಸಕ್ಕೆ ಅವಶ್ಯವಾದ ಮೂರು ಅಂಗಗಳು ಸಿದ್ಧಿಸುತ್ತವೆ.

ಮೊದಲನೆಯದು ಶ್ರವಣ. ಹಾಡುವವರ ಬಾಯಿಂದ ಕೇಳಿ ಸ್ವರಲಿಪಿಯಲ್ಲಿ ಬರೆಯುವ ಅಭ್ಯಾಸವು ಶಿಕ್ಷಕನಿಗೆ ಬೇಕು. ಹಾರ್ಮೋನಿಯಮ್ಮಿನಲ್ಲಿ ಸ್ವರಸ್ಥಾನಗಳು ಹನ್ನೆರಡಕ್ಕೆ ಸ್ಥಿರವಾಗಿರುತ್ತವೆ. ಈ ದೋಷವನ್ನೂ ಮುಂದಿಟ್ಟು ಆಕಾಶವಾಣಿಯು ೧೯೪೦ರಲ್ಲಿ ಅದನ್ನು ನಿಷೇಧಿಸಿ ಮೂರು ದಶಕಗಳ ಕಾಲ ದೂರವಿಟ್ಟಿತ್ತು. ಹಾಡುಗಾರ್ತಿಯ ಸ್ವರವು ಎರಡು ಮನೆಗಳ ನಡುವೆ ನಿಂತರೆ ಅದನ್ನು ಅಪಸ್ವರವೆಂದು ನಿರ್ಣಯಿಸುವ ಮೊದಲು, ಮತ್ತೆ ಮತ್ತೆ ಹಾಡಿದಾಗಲೂ ಅಲ್ಲಿಯೇ ನಿಲ್ಲುತ್ತದೆಯೋ ಎಂದು ಪರೀಕ್ಷಿಸಬೇಕು. ಹಾಗೆ ನಿಂತರೆ ಅದೇ ಅವಳ ಸ್ವರಸ್ಥಾನ.

ಎರಡನೆಯದು ವಾದ್ಯಪರಿಚಯ. ಗುಮಟೆಯು ಎರಡು ಬಾಯಿಗಳ ಮಣ್ಣಿನ ಕೊಡ. ಒಂದು ಬಾಯಿಗೆ ಚರ್ಮವನ್ನು ಬಿಗಿದಿರುತ್ತದೆ, ಇನ್ನೊಂದು ತೆರೆದಿರುತ್ತದೆ. ಒಂದು ಕೈಯಿಂದ ಬಾರಿಸುತ್ತ ಇನ್ನೊಂದು ಕೈಯಿಂದ ತೆರೆದ ಬಾಯನ್ನು ಮುಚ್ಚಿ ತೆಗೆಯುವುದರಿಂದ ನಾದವು ಬದಲಾಗುತ್ತದೆ. ತಬಲೆಯ ಪಾಟಾಕ್ಷರಗಳಲ್ಲಿ ಈ ಕ್ರಿಯೆಗೆ ಸಂಕೇತವಿಲ್ಲ. ಬಾರಿಸುವವರನ್ನೇ ಕೇಳಿ ತಿಳಿಯಬೇಕು. ಉಡದ ಚರ್ಮದ ಬಳಕೆಯು ೧೯೭೨ರ ವನ್ಯಜೀವಿ ಸಂರಕ್ಷಣೆಯ ಶಾಸನಕ್ಕೆ ವಿರುದ್ಧವಾದ್ದರಿಂದ ಆಡಿನ ಚರ್ಮವು ಬಳಕೆಗೆ ಬಂದಿದೆ. ಇದೇ ವಾದ್ಯವನ್ನು ಕೊಂಕಣಿಗರು ಘುಮಟವೆನ್ನುತ್ತಾರೆ. ಗೋವೆಯ ಸರಕಾರವು ೨೦೧೯ರಲ್ಲಿ ಅದನ್ನು ಪಾರಂಪರಿಕ ವಾದ್ಯವೆಂದು ಸಾರಿತು. ಒಂದೇ ತರಗತಿಯಲ್ಲಿ ಕುಳಿತ ಹಾಲಕ್ಕಿ ಮಗುವನ್ನೂ ಕೊಂಕಣಿ ಮಗುವನ್ನೂ ಕೂಡಿಸಲು ಇದಕ್ಕಿಂತ ಸುಲಭವಾದ ಸಾಧನವು ಬೇರೊಂದಿಲ್ಲ.

ಮೂರನೆಯದು ಭಾಷೆ. ಹಾಡಿನ ಮಾತುಗಳನ್ನು ಗ್ರಾಂಥಿಕ ರೂಪಕ್ಕೆ ತಿದ್ದುವ ಅಭ್ಯಾಸವು ಸಾಹಿತ್ಯದ ಅಧ್ಯಾಪಕರಲ್ಲಿಯೂ ಉಂಟು. ಗ್ರಾಮ್ಯವಾದ ‘ಬತ್ತಾನೆ’ ಎಂಬುದರಲ್ಲಿ ಐದು ಮಾತ್ರೆಗಳು. ಅದನ್ನು ‘ಬರುತ್ತಾನೆ’ ಎಂದು ತಿದ್ದಿದರೆ ಆರಾಗುತ್ತವೆ. ಐದು ಮಾತ್ರೆಯ ಗಣದಲ್ಲಿ ನಡೆಯುವ ಹಾಡು ಅಲ್ಲಿಯೇ ಎಡವುತ್ತದೆ. ಆ ತಪ್ಪು ಮಗುವಿನ ತಲೆಗೆ ಕಟ್ಟುತ್ತದೆ. ಭಾಷೆಯನ್ನು ತಿದ್ದುವವರು ಮೊದಲು ಛಂದಸ್ಸನ್ನು ಎಣಿಸಬೇಕು.

ಈ ಮೂರಕ್ಕೂ ಗುರುಗಳು ಆಯಾ ಕೇರಿಗಳಲ್ಲಿಯೇ ಇದ್ದಾರೆ. ಪರೀಕ್ಷೆಯಲ್ಲಿ ತೇರ್ಗಡೆಯಾದ ಶಿಕ್ಷಕನು ವರ್ಷಕ್ಕೆ ಒಂದು ಸುಗ್ಗಿಯ ಕಾಲವನ್ನಾದರೂ ಶಿಷ್ಯಭಾವದಿಂದ ಅಲ್ಲಿ ಕಳೆದು, ತಾನು ಕೇಳಿದ ಹಾಡುಗಳನ್ನು ಹಾಡಿದವರ ಹೆಸರಿನೊಡನೆ ಬರೆದಿಡುವ ಏರ್ಪಾಡಾದರೆ, ಶಿಕ್ಷಣದಲ್ಲಿ ನ್ಯೂನತೆಯಿರಬಾರದೆಂಬ ಶಾರ್ಙ್ಗದೇವನ ನಿಯಮವು ಈ ಸೀಮೆಯಲ್ಲಿ ಸಾರ್ಥಕವಾದೀತು. ಹಾಡುವ ಹಿರಿಯರು ಇನ್ನೂ ಉಳಿದಿರುವಾಗಲೇ ಈ ಕಾರ್ಯವು ಆರಂಭವಾಗಬೇಕಾದುದು ಯುಕ್ತ.