ಕಾಡ್ಗಿಚ್ಚು ಆರಿದ ಮೇಲೆ ನೆರೆ ಏಕೆ ಬರುತ್ತದೆ? ಮನೆಗಳನ್ನು ಉಳಿಸುವುದು ಹೇಗೆ?

"ಬೆಂಕಿ ಆರಿತು, ಮನೆ ಉಳಿಯಿತು, ಇನ್ನೇನೂ ಭಯವಿಲ್ಲ." ಕಾಡ್ಗಿಚ್ಚಿನಿಂದ ಪಾರಾದ ಊರುಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತಿದು. ಆದರೆ ಇದು ಅರ್ಧ ಸತ್ಯ ಮಾತ್ರ. ಬೆಟ್ಟದ ಕಾಡು ಸುಟ್ಟರೆ ಅದರ ಕೆಳಗಿನ ಊರಿಗೆ ಎರಡನೆಯ ಅಪಾಯ ನೀರಿನ ರೂಪದಲ್ಲಿ ಬರುತ್ತದೆ. ಎಷ್ಟೋ ಕಡೆ ಬೆಂಕಿಗಿಂತ ಆ ನೀರೇ ಹೆಚ್ಚು ಹಾನಿ ಮಾಡಿದೆ.

ಅಮೆರಿಕದ ಅರಿಜೋನಾ ರಾಜ್ಯದ ಫ್ಲಾಗ್‌ಸ್ಟಾಫ್ ಇದಕ್ಕೆ ಒಳ್ಳೆಯ ಉದಾಹರಣೆ. ಅರಿಜೋನಾ ಎಂದರೆ ಮರುಭೂಮಿ ಎಂದು ನಾವು ತಿಳಿದಿರುತ್ತೇವೆ. ಆದರೆ ಈ ಊರು ಇರುವುದು ಸುಮಾರು 7,000 ಅಡಿ ಎತ್ತರದಲ್ಲಿ, ಪೈನ್ ಕಾಡುಗಳ ನಡುವೆ. ನಮ್ಮಂತೆ ಅಲ್ಲಿಯೂ ಮಾನ್ಸೂನ್ ಇದೆ. ಜೂನ್ ತಿಂಗಳ ಒಣಹವೆಯಲ್ಲಿ ಕಾಡಿಗೆ ಬೆಂಕಿ ಬೀಳುತ್ತದೆ, ಜುಲೈನಲ್ಲಿ ಗುಡುಗು ಸಿಡಿಲಿನ ಮಳೆ ಶುರುವಾಗುತ್ತದೆ. ನಡುವೆ ಸಿಗುವ ಬಿಡುವು ಕೆಲವೇ ವಾರಗಳು.

2010ರಲ್ಲಿ ಏನಾಯಿತು?

2010ರ ಜೂನ್ 20ರಂದು, ಯಾರೋ ಆರಿಸದೆ ಬಿಟ್ಟುಹೋದ ಶಿಬಿರದ ಬೆಂಕಿಯಿಂದ ಊರಿನ ಉತ್ತರದ ಬೆಟ್ಟಗಳಲ್ಲಿ ಕಾಡ್ಗಿಚ್ಚು ಹುಟ್ಟಿತು. ಶಲ್ಟ್ಸ್ ಕಾಡ್ಗಿಚ್ಚು ಎಂದು ಹೆಸರಾದ ಅದು ಸುಮಾರು 15,000 ಎಕರೆ ಕಾಡನ್ನು ಸುಟ್ಟಿತು. ನೂರಾರು ಮನೆಗಳನ್ನು ಖಾಲಿ ಮಾಡಿಸಲಾಯಿತು, ಆದರೆ ಒಂದು ಮನೆಯೂ ಸುಡಲಿಲ್ಲ.

ಸರಿಯಾಗಿ ಒಂದು ತಿಂಗಳಿಗೆ, ಜುಲೈ 20ರಂದು, ಸುಟ್ಟ ಇಳಿಜಾರಿನ ಮೇಲೆ ಮುಕ್ಕಾಲು ಗಂಟೆಯಲ್ಲಿ ಸುಮಾರು 45 ಮಿಲಿಮೀಟರ್ ಮಳೆ ಸುರಿಯಿತು. ಬೂದಿ, ಮಣ್ಣು, ಬಂಡೆ, ಸುಟ್ಟ ಮರದ ದಿಮ್ಮಿಗಳನ್ನು ಹೊತ್ತ ಕಪ್ಪು ನೀರು ಕೆಳಗಿನ ಬಡಾವಣೆಗಳಿಗೆ ನುಗ್ಗಿತು. 12 ವರ್ಷದ ಬಾಲಕಿಯೊಬ್ಬಳು ನೀರಿನಲ್ಲಿ ಕೊಚ್ಚಿಹೋಗಿ ಸತ್ತಳು. ಬೆಂಕಿಯಿಂದ ಉಳಿದಿದ್ದ ಮನೆಗಳೊಳಗೆ ಕೆಸರು ತುಂಬಿತು. ಬೆಂಕಿ ಮತ್ತು ನೆರೆಯ ಒಟ್ಟು ನಷ್ಟವನ್ನು ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದ ಅಧ್ಯಯನವೊಂದು ಬಳಿಕ 13 ಕೋಟಿ ಡಾಲರಿಗೂ ಹೆಚ್ಚು ಎಂದು ಅಂದಾಜು ಮಾಡಿತು.

ಸುಟ್ಟ ನೆಲ ನೀರು ಕುಡಿಯುವುದಿಲ್ಲವೇ?

ಕಾಡಿನಲ್ಲಿ ಮಳೆಹನಿ ನೇರವಾಗಿ ನೆಲಕ್ಕೆ ಬೀಳುವುದಿಲ್ಲ. ಮೊದಲು ಎಲೆಗಳು ಅದನ್ನು ತಡೆಯುತ್ತವೆ. ಬಳಿಕ ನೆಲದ ಮೇಲಿನ ತರಗೆಲೆಯ ಹಾಸು ಅದನ್ನು ಸ್ಪಂಜಿನಂತೆ ಹೀರಿಕೊಳ್ಳುತ್ತದೆ. ಉಳಿದ ನೀರು ಬೇರುಗಳ ಸಂದಿನಲ್ಲಿ ನಿಧಾನವಾಗಿ ಇಂಗುತ್ತದೆ. ತೀವ್ರವಾದ ಬೆಂಕಿ ಈ ಮೂರನ್ನೂ ಹಾಳುಮಾಡುತ್ತದೆ.

ಅದರ ಜೊತೆಗೆ ಇನ್ನೊಂದು ಬದಲಾವಣೆಯೂ ಆಗಬಹುದು. ತರಗೆಲೆ ಉರಿಯುವಾಗ ಅದರಲ್ಲಿರುವ ಮೇಣದಂಥ ವಸ್ತುಗಳು ಆವಿಯಾಗುತ್ತವೆ. ಈ ಆವಿಯ ಒಂದು ಪಾಲು ಮಣ್ಣಿನೊಳಕ್ಕೆ ಇಳಿದು, ಕೆಲವು ಸೆಂಟಿಮೀಟರ್ ಕೆಳಗಿನ ತಂಪು ಕಣಗಳಿಗೆ ಅಂಟಿಕೊಳ್ಳುತ್ತದೆ. ಆಗ ಅಲ್ಲಿ ನೀರನ್ನು ಹಿಮ್ಮೆಟ್ಟಿಸುವ ಪದರ ಉಂಟಾಗುತ್ತದೆ. ಕೆಸುವಿನ ಎಲೆಯ ಮೇಲೆ ನೀರು ಉರುಳುವಂತೆ, ಇಂಥ ಮಣ್ಣಿನ ಮೇಲೆ ಹಾಕಿದ ಹನಿ ಮುತ್ತಿನಂತೆ ನಿಲ್ಲುತ್ತದೆ.

"ಬೆಂಕಿಗೆ ಮಣ್ಣು ಕರಗಿ ಗಾಜಿನಂತಾಗುತ್ತದೆ" ಎಂಬ ಮಾತೂ ಇದೆ. ಅದು ನಿಜವಲ್ಲ. ಈ ಪದರ ತೆಳುವಾದ ಲೇಪ ಮಾತ್ರ. ಸಾಮಾನ್ಯವಾಗಿ ಒಂದೆರಡು ವರ್ಷಗಳಲ್ಲಿ ಅದು ಸಡಿಲವಾಗುತ್ತದೆ. ಆದರೆ ಗಿಡ, ಹುಲ್ಲು ಮತ್ತೆ ಬೆಳೆದು ನೆಲವನ್ನು ಹಿಡಿಯಲು ಇನ್ನೂ ಹೆಚ್ಚು ಕಾಲ ಬೇಕು. ಹಾಗಾಗಿಯೇ ನೆರೆಯ ಅಪಾಯ ಐದು ವರ್ಷದವರೆಗೂ ಇರಬಹುದು ಎಂದು ಅಮೆರಿಕದ ವಿಪತ್ತು ನಿರ್ವಹಣಾ ಸಂಸ್ಥೆಯಾದ ಫೆಮಾ ಎಚ್ಚರಿಸುತ್ತದೆ.

ಮನೆಯವರೇ ಮರಳು ಚೀಲ ಇಟ್ಟುಕೊಂಡರೆ ಸಾಲದೇ?

ಸಾಲದು. ಮರಳು ಚೀಲ ನೀರನ್ನು ಪೂರ್ತಿ ತಡೆಯುವುದಿಲ್ಲ, ಅದರ ದಿಕ್ಕನ್ನು ಸ್ವಲ್ಪ ತಿರುಗಿಸುತ್ತದೆ ಅಷ್ಟೆ. ನಿಮ್ಮ ಮನೆಯ ಮುಂದೆ ಗೋಡೆ ಕಟ್ಟಿದರೆ ನೀರು ಪಕ್ಕದ ಮನೆಗೆ ಹೋಗುತ್ತದೆ. ನೀರು ಬರುವ ಬೆಟ್ಟ ಅರಣ್ಯ ಇಲಾಖೆಯದು, ಅದು ಹರಿಯುವ ರಸ್ತೆ ನಗರಸಭೆಯದು, ನಡುವಿನ ಹಳ್ಳ ಹತ್ತಾರು ಜನರ ಜಮೀನಿನಲ್ಲಿರುತ್ತದೆ. ಇಷ್ಟನ್ನೂ ಒಟ್ಟಿಗೆ ನೋಡಿ, ಮಳೆಗಾಲಕ್ಕೆ ಮೊದಲೇ ಕೆಲಸ ಮಾಡಿಸುವುದು ಸ್ಥಳೀಯ ಆಡಳಿತಕ್ಕೆ ಮಾತ್ರ ಸಾಧ್ಯ.

ಫ್ಲಾಗ್‌ಸ್ಟಾಫ್ ನಗರಸಭೆ ಮತ್ತು ಅದು ಸೇರಿರುವ ಕೊಕೊನಿನೊ ಕೌಂಟಿ (ನಮ್ಮ ಜಿಲ್ಲಾಡಳಿತಕ್ಕೆ ಹೋಲಿಸಬಹುದು) ಮಾಡಿದ ಕೆಲಸಗಳನ್ನು ಮೂರು ಹಂತಗಳಲ್ಲಿ ನೋಡಬಹುದು.

ಬೆಟ್ಟದ ಬುಡದಲ್ಲಿ: ರಭಸದ ನೀರು ತಾನೇ ಆಳವಾದ ಕೊರಕಲು ಕೊರೆದುಕೊಂಡು, ಮಣ್ಣನ್ನೆಲ್ಲ ಊರಿಗೆ ತರುತ್ತದೆ. ಕೌಂಟಿಯು ಅರಣ್ಯ ಇಲಾಖೆಯ ಜೊತೆಗೂಡಿ ಈ ಕೊರಕಲುಗಳನ್ನು ಮುಚ್ಚಿ, ಬೆಟ್ಟದ ಬುಡದಲ್ಲಿ ಬೀಸಣಿಗೆಯಾಕಾರದ ಅಗಲ ಬಯಲುಗಳನ್ನು ಮತ್ತೆ ರೂಪಿಸಿತು. ನೀರು ಅಲ್ಲಿ ಹರಡಿಕೊಂಡಾಗ ವೇಗ ತಗ್ಗುತ್ತದೆ, ಹೊತ್ತ ಕಲ್ಲು ಮಣ್ಣು ಅಲ್ಲೇ ಇಳಿಯುತ್ತದೆ.

ಬಡಾವಣೆಯೊಳಗೆ: ಹೂಳು ಕಳೆದುಕೊಂಡ ನೀರನ್ನು ಸಾಗಿಸಲು ಕಾಲುವೆಗಳು ಬೇಕು. ಹೂಳು ತೆಗೆಯದೆ ಕಾಲುವೆ ಮಾತ್ರ ಅಗಲ ಮಾಡಿದರೆ ಮೊದಲ ಮಳೆಗೇ ಅದು ತುಂಬಿಹೋಗುತ್ತದೆ. ಹೀಗಾಗಿ ಮೇಲಿನ ಕೆಲಸ ಮತ್ತು ಕೆಳಗಿನ ಕೆಲಸ ಜೊತೆಯಾಗಿಯೇ ನಡೆಯಬೇಕು. ಮರಳು ಚೀಲ, ಕಾಂಕ್ರೀಟ್ ತಡೆಗಳನ್ನೂ ನೀರಿನ ದಾರಿ ಲೆಕ್ಕ ಹಾಕಿ ಇಡಬೇಕು.

ಮುನ್ನೆಚ್ಚರಿಕೆ: ಸುಟ್ಟ ಬೆಟ್ಟದ ಮೇಲೆ ಮಳೆಮಾಪಕಗಳನ್ನು ಇಟ್ಟರೆ, ಊರಿನಲ್ಲಿ ಒಂದು ಹನಿ ಬೀಳದಿದ್ದರೂ ಮೇಲೆ ಏನಾಗುತ್ತಿದೆ ಎಂಬುದು ತಿಳಿಯುತ್ತದೆ. ನೀರು ಮನೆ ಮುಟ್ಟುವ ಮೊದಲು ಸಿಗುವ ಕೆಲವು ನಿಮಿಷಗಳು ಜೀವ ಉಳಿಸಬಲ್ಲವು.

ಎರಡು ವರ್ಷ ನೆರೆ ಬರದಿದ್ದರೆ ಅಪಾಯ ಮುಗಿಯಿತೇ?

ಇಲ್ಲ. 2019ರ ಜುಲೈನಲ್ಲಿ ಊರಿಗೆ ತಾಗಿದಂತೆಯೇ ಇನ್ನೊಂದು ಕಾಡು ಸುಟ್ಟಿತು. ಮ್ಯೂಸಿಯಂ ಕಾಡ್ಗಿಚ್ಚು ಎಂದು ಕರೆಯಲಾದ ಅದು ಸುಟ್ಟಿದ್ದು 2,000 ಎಕರೆಗೂ ಕಡಿಮೆ. ಆ ವರ್ಷ ಮತ್ತು ಮರುವರ್ಷ ಅಲ್ಲಿ ಮಾನ್ಸೂನ್ ಕೈಕೊಟ್ಟಿತು. ಮನೆಗಳ ಮುಂದಿನ ಮರಳು ಚೀಲಗಳಿಗೆ ಕೆಲಸವೇ ಬೀಳಲಿಲ್ಲ. 2021ರ ಜುಲೈನಲ್ಲಿ ಜೋರು ಮಳೆ ಬಂದಾಗ ಸನ್ನಿಸೈಡ್ ಮೊದಲಾದ ಬಡಾವಣೆಗಳಿಗೆ ನೀರು ನುಗ್ಗಿತು, ಕಾರುಗಳು ಬೀದಿಯಲ್ಲಿ ತೇಲಿದವು. ನೆರೆ ಬರಲಿಲ್ಲವೆಂದರೆ ನೆಲ ಸರಿಹೋಯಿತು ಎಂದಲ್ಲ. ಜೋರು ಮಳೆ ಬಿದ್ದಿರಲಿಲ್ಲ, ಅಷ್ಟೆ.

ಕಟ್ಟಿದ ಕೆಲಸಗಳಿಗೂ ಮಿತಿ ಇದೆ. 2022ರ ಪೈಪ್‌ಲೈನ್ ಕಾಡ್ಗಿಚ್ಚು 26,000 ಎಕರೆಯಷ್ಟು ಹಬ್ಬಿತು. ಶಲ್ಟ್ಸ್ ಬೆಂಕಿಯ ನಂತರ ನಡೆದಿದ್ದ ಕೆಲಸಗಳ ಸಾಮರ್ಥ್ಯಕ್ಕೂ ಮೀರಿದ ನೀರು ಆ ಮಳೆಗಾಲದಲ್ಲಿ ಬಂತು. ಎಷ್ಟೋ ಮನೆಗಳವರು ಮತ್ತೆ ಕೆಸರು ಎತ್ತಬೇಕಾಯಿತು.

ಹಾಗಾದರೆ ನಿಜವಾದ ಪರಿಹಾರ ಯಾವುದು?

ಕಾಡು ತೀವ್ರವಾಗಿ ಸುಡದಂತೆ ನೋಡಿಕೊಳ್ಳುವುದು. 2012ರ ನವೆಂಬರ್‌ನಲ್ಲಿ ಫ್ಲಾಗ್‌ಸ್ಟಾಫ್ ಮತದಾರರು 1 ಕೋಟಿ ಡಾಲರ್ ಸಾಲ ಎತ್ತಲು ಒಪ್ಪಿಗೆ ಕೊಟ್ಟರು. ನೂರಕ್ಕೆ 70ಕ್ಕಿಂತ ಹೆಚ್ಚು ಮತಗಳು ಪರವಾಗಿದ್ದವು. ಆ ಹಣ ಹೋದದ್ದು ಊರಿನ ಮೇಲಿರುವ ಕಾಡಿನಲ್ಲಿ ಒತ್ತಾಗಿ ಬೆಳೆದ ಸಣ್ಣ ಮರಗಳನ್ನು ತೆಗೆಯುವುದಕ್ಕೆ, ಹತೋಟಿಯ ಬೆಂಕಿಯಿಂದ ಕಸಕಡ್ಡಿ ಸುಡುವುದಕ್ಕೆ. ಆ ಕಾಡಿನ ಬಹುಪಾಲು ಒಕ್ಕೂಟ ಸರ್ಕಾರದ್ದು. ತಮ್ಮದಲ್ಲದ ಜಮೀನಿಗೆ ಊರಿನವರು ಹಣ ಕೊಟ್ಟದ್ದೇಕೆ? ಅಲ್ಲಿ ಬಿದ್ದ ನೀರು ತಮ್ಮ ಮನೆಗೇ ಬರುತ್ತದೆ ಎಂಬುದನ್ನು ಅವರು 2010ರಲ್ಲಿ ಕಂಡಿದ್ದರು.

ಮನೆಯವರು ಮಾಡಬಹುದಾದದ್ದು

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಗೂ ಇದು ಮುಖ್ಯ. ಅಲ್ಲಿನ ಸಾಮಾನ್ಯ ಗೃಹವಿಮೆ ಬೆಂಕಿಯ ನಷ್ಟ ಕೊಡುತ್ತದೆ, ನೆರೆಯ ನಷ್ಟ ಕೊಡುವುದಿಲ್ಲ. ನೆರೆ ವಿಮೆ ಬೇರೆ ಮಾಡಿಸಬೇಕು. ರಾಷ್ಟ್ರೀಯ ನೆರೆ ವಿಮೆಯ ಪಾಲಿಸಿ ಜಾರಿಗೆ ಬರಲು ಸಾಮಾನ್ಯವಾಗಿ 30 ದಿನ ಬೇಕು. ಒಕ್ಕೂಟ ಸರ್ಕಾರದ ಜಮೀನಿನಲ್ಲಾದ ಕಾಡ್ಗಿಚ್ಚಿನ ನಂತರ ಕೆಲವು ಷರತ್ತುಗಳ ಮೇಲೆ ಇದಕ್ಕೆ ವಿನಾಯಿತಿ ಇದೆ, ಆದರೆ ಅದನ್ನು ನಂಬಿ ಕೂರುವುದು ಜಾಣತನವಲ್ಲ. ನಿಮ್ಮ ಊರು ಈ ಯೋಜನೆಗೆ ಸೇರಿ ಅದರ ನಿಯಮಗಳನ್ನು ಪಾಲಿಸುತ್ತಿದ್ದರೆ ಮಾತ್ರ ಈ ವಿಮೆ ಸಿಗುತ್ತದೆ. ಇದೂ ಸ್ಥಳೀಯ ಆಡಳಿತದ ಕೈಯಲ್ಲೇ ಇದೆ.

ಮನೆಯ ಮೇಲ್ಭಾಗದ ಕಾಡು ಸುಟ್ಟಿದ್ದರೆ ಕೌಂಟಿ ಕಚೇರಿಯಲ್ಲಿ ಮೂರು ಪ್ರಶ್ನೆ ಕೇಳಿ: ನೀರು ಯಾವ ದಾರಿಯಲ್ಲಿ ಬರುತ್ತದೆ ಎಂಬ ನಕ್ಷೆ ಆಗಿದೆಯೇ? ಮಳೆಗಾಲಕ್ಕೆ ಮೊದಲು ಯಾವ ಕೆಲಸ ಮುಗಿಯುತ್ತದೆ? ಎಚ್ಚರಿಕೆ ನನ್ನ ಫೋನಿಗೆ ಹೇಗೆ ಬರುತ್ತದೆ? ಹೊಗೆ ತಿಳಿಯಾದ ದಿನವೇ ಇವನ್ನು ಕೇಳಬೇಕು. ಮೋಡ ಕಟ್ಟಿದ ಮೇಲೆ ಕೇಳಿದರೆ ಉತ್ತರಕ್ಕೆ ಸಮಯವಿರುವುದಿಲ್ಲ.