ಅಟ್ಟಣೆಯಿಂದ ಕಂಡ ಬಾಲಚುಕ್ಕಿ

ರಾತ್ರಿ ಒಂಬತ್ತಕ್ಕೆ ಮೇಲುಕಾಮನಹಳ್ಳಿಯ ಅರಣ್ಯ ಗೇಟು ಮುಚ್ಚಿತೆಂದರೆ ಗುಂಡ್ಲುಪೇಟೆಯ ತೆಂಕಲಿಗೆ ಕತ್ತಲೆಯದೇ ಕಾರುಬಾರು. 2009ರಿಂದ ಬೆಳಗಿನ ಆರರವರೆಗೆ ಬಂಡೀಪುರದ ದಾರಿ ಕಾಡುಪ್ರಾಣಿಗಳದು. 2024ರ ಅಕ್ಟೋಬರ್ 2, ಮಹಾಲಯ ಅಮಾವಾಸ್ಯೆಯ ನಸುಕು. ಹಸ್ತಾ ಮಳೆ ಒಂದಿಷ್ಟು ಬಿಡುವು ಕೊಟ್ಟಿತ್ತು. ಕಾಡಂಚಿನ ಹೊಲವೊಂದರ ಅಟ್ಟಣೆ ಹತ್ತಿ ಕೂತಿದ್ದೆ.

ಆನೆ, ಹಂದಿ ಕಾಯುತ್ತ ಇಡೀ ರಾತ್ರಿ ಎಚ್ಚರವಿದ್ದ ಹೊಲದ ಯಜಮಾನರು ಪಕ್ಕದಲ್ಲಿದ್ದರು. ಮೈತುಂಬ ಕಂಬಳಿ, ತೊಡೆಯ ಮೇಲೆ ಟಾರ್ಚು, ಕೈಗೆಟುಕುವಂತೆ ಬಡಿಯಲೊಂದು ತಗಡಿನ ಡಬ್ಬ. ಮೃಗಶಿರ, ಆರಿದ್ರಾ ನೆತ್ತಿಯ ಹತ್ತಿರ ಹೊಳೆಯುತ್ತಿದ್ದವು. ಮೂಡಲಲ್ಲಿ, ಚಾಮರಾಜನಗರದ ದೀಪಗಳ ಮಂಕು ಬೆಳಕಿಗಿಂತ ತುಸು ಮೇಲೆ, ಸುಣ್ಣದ ಬೆರಳಿನಿಂದ ಮೇಲಕ್ಕೆ ಎಳೆದಂಥ ಒಂದು ಗೀಟು. ಅದೇ ತ್ಸುಚಿನ್‌ಶಾನ್–ಅಟ್ಲಾಸ್ ಧೂಮಕೇತು.

"ಮೂರ್ ದಿವ್ಸದಿಂದ ನೋಡ್ತಾವ್ನಿ ಬುದ್ಧಿ. ಮಿಕ್ಕಿದ್ ಚುಕ್ಕಿಗಳೆಲ್ಲ ದಿನಾ ಒಂದೀಟು ಮೇಲಕ್ಕೇರ್ತವೆ, ಇದು ಏರಕಿಲ್ಲ. ಇದು ನಮ್ ಚುಕ್ಕಿ ಅಲ್ಲ" ಅಂದರು.

ಆ ಮಾತಿಗೆ ನನಗೆ ವೇಣು ಬಾಪು ನೆನಪಾದರು. ಮನಾಲಿ ಕಲ್ಲಟ್ ವೇಣು ಬಾಪು. ಹುಟ್ಟಿದ್ದು 1927ರ ಆಗಸ್ಟ್ 10ರಂದು, ಮದರಾಸಿನಲ್ಲಿ. ತಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿದ್ದರು, ಹುಡುಗ ಬೆಳೆದದ್ದು ದೂರದರ್ಶಕದ ನೆರಳಲ್ಲೇ. 1949ರ ಜುಲೈ 2ರಂದು, ಹಾರ್ವರ್ಡ್‌ನಲ್ಲಿ ಓದುತ್ತಿದ್ದ ಇಪ್ಪತ್ತೊಂದರ ಆ ತರುಣ ಆಕಾಶದ ಚಿತ್ರ ಹಿಡಿದ ಗಾಜಿನ ಫಲಕವೊಂದನ್ನು ಪರೀಕ್ಷಿಸುತ್ತಿದ್ದರು. ದೂರದರ್ಶಕ ನಕ್ಷತ್ರಗಳ ಜೊತೆಜೊತೆಗೇ ತಿರುಗುವುದರಿಂದ ಅವು ಫಲಕದಲ್ಲಿ ಸಾಸಿವೆ ಕಾಳಿನಂತೆ ಚೊಕ್ಕವಾಗಿ ಮೂಡುತ್ತವೆ. ತನ್ನದೇ ದಾರಿ ಹಿಡಿದದ್ದು ಮಾತ್ರ ಕದಡಿ ಕಾಣುತ್ತದೆ. ಸಾವಿರಾರು ಕಾಳುಗಳ ನಡುವೆ ಆ ಒಂದು ಕದಡು ಅವರ ಕಣ್ಣಿಗೆ ಬಿತ್ತು. ಗುರು ಬಾರ್ಟ್ ಬೋಕ್, ಸಂಗಡಿಗ ಗಾರ್ಡನ್ ನ್ಯೂಕರ್ಕ್ ಜೊತೆಗೂಡಿದರು. ಧೂಮಕೇತುವಿಗೆ ಮೂವರ ಹೆಸರೂ ಸೇರಿ ಬಾಪು–ಬೋಕ್–ನ್ಯೂಕರ್ಕ್ ಎಂದಾಯಿತು.

ಅಟ್ಟಣೆಯ ಮೇಲಿನವರದೂ ಅದೇ ಕಣ್ಣು. ಹಳೆಯದೆಲ್ಲ ಬಾಯಿಪಾಠವಾದವರಿಗೇ ಹೊಸತು ಕಾಣುವುದು.

ಅಮೆರಿಕದಲ್ಲಿ ಹೆಸರು ಮಾಡಿದ ಮೇಲೂ ಬಾಪು ದೇಶಕ್ಕೆ ಮರಳಿದರು. ನೈನಿತಾಲಿನಲ್ಲಿ ವೀಕ್ಷಣಾಲಯ ಕಟ್ಟಿದರು. 1960ರಲ್ಲಿ ಕೊಡೈಕನಾಲ್ ವೀಕ್ಷಣಾಲಯದ ಹೊಣೆ ಹೊತ್ತರು. ಆಮೇಲೆ ಅವರು ಹುಡುಕಿದ್ದು ಒಳ್ಳೆಯ ಕತ್ತಲೆಯನ್ನು. ಅದು ತಮಿಳುನಾಡಿನ ಜವ್ವಾದಿ ಬೆಟ್ಟಗಳ ನಡುವಿನ ಕಾವಲೂರಿನಲ್ಲಿ ಸಿಕ್ಕಿತು. 1968ರಲ್ಲಿ, ತಾವೇ ಮಾಡಿಕೊಂಡ 38 ಸೆಂಟಿಮೀಟರಿನ ದೂರದರ್ಶಕದಿಂದ ಅಲ್ಲಿ ಕೆಲಸ ಶುರುವಾಯಿತು. 1971ರಲ್ಲಿ ಅವರ ನೇತೃತ್ವದಲ್ಲಿ ರೂಪುಗೊಂಡ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಇಂದು ಬೆಂಗಳೂರಿನ ಕೋರಮಂಗಲದಲ್ಲಿದೆ. 1979ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾದರು. ನಮ್ಮ ಕೈಯಿಂದಲೇ 2.3 ಮೀಟರಿನ ದೊಡ್ಡ ಕಣ್ಣೊಂದು ಆಗಬೇಕೆಂಬುದು ಅವರ ಹಂಬಲ. ಅದು ತೆರೆಯುವುದನ್ನು ನೋಡಲು ಮಾತ್ರ ಅವರಿರಲಿಲ್ಲ. 1982ರ ಆಗಸ್ಟ್ 19ರಂದು ಮ್ಯೂನಿಕ್‌ನಲ್ಲಿ ತೀರಿಕೊಂಡರು. 1986ರಲ್ಲಿ ಆ ದೂರದರ್ಶಕಕ್ಕೆ ಅವರದೇ ಹೆಸರಿಟ್ಟರು.

"ಇದು ಬಂದ್ರೆ ಕೇಡು ಅಂತಾರಲ್ಲ, ದಿಟವಾ?" ಯಜಮಾನರು ಕೇಳಿದರು.

"ಕೇಡೇನಿಲ್ಲ ಯಜಮಾನ್ರೇ. ಹಿಮ, ದೂಳಿನ ಗಡ್ಡೆ ಅದು. ಸೂರ್ಯನ ಕಾವಿಗೆ ಆವಿಯಾಗಿ ಬಾಲ ಬಿಡ್ತದೆ."

ಅವರು ತಲೆದೂಗಿದರು. ಮೂಡಲು ಕೆಂಪಾಗತೊಡಗಿತು, ಗೀಟು ತೆಳ್ಳಗಾಗಿ ಬೆಳಕಿನಲ್ಲಿ ಕರಗಿತು. ಆರಕ್ಕೆ ಗೇಟು ತೆರೆಯಿತು. ಮೊದಲ ಲಾರಿಯ ದೀಪ ಹುರುಳಿ ಹೊಲದ ಮೇಲೆ ಹರಿದು ಹೋಯಿತು. ನಮ್ಮ ಕಾಡು ಆನೆಗಳಿಗಾಗಿ ಉಳಿಸಿಕೊಂಡ ಕತ್ತಲೆ ಆಕಾಶವನ್ನೂ ಉಳಿಸಿಕೊಟ್ಟಿದೆ. ಯಾವುದೋ ಮಗುವಿನ ಕಣ್ಣಿಗೆ ಹೊಸ ಚುಕ್ಕಿಯೊಂದು ಬೀಳಬೇಕಾದರೆ ಇಷ್ಟು ಕತ್ತಲೆಯಾದರೂ ಇಲ್ಲಿ ಉಳಿಯಬೇಕು.

ಕಂಬಳಿ ಕೊಡವಿ ಏಣಿ ಇಳಿಯುತ್ತ ಯಜಮಾನರು ಹೇಳಿದರು: "ನಾಳೆ ಇನ್ನೀಟು ಕೆಳಗಿರ್ತದೆ ಬುದ್ಧಿ, ಬಿರ್ರನೆ ಬಂದ್ಬುಡಿ."