ಮರಳು ನೊಣವೂ ಮನೆಯ ಗೋಡೆಯೂ

ಸೊಳ್ಳೆಯ ವಿಷಯವನ್ನು ನಮ್ಮವರಿಗೆ ಹೊಸದಾಗಿ ಹೇಳಬೇಕಾದ್ದಿಲ್ಲ. ಮುಂಬಯಿಯ ಚಾಳಿನಲ್ಲಿ ಒಂದು ಮಳೆಗಾಲ ಕಳೆದವನಿಗೆ ನಿಂತ ನೀರೆಂದರೇನು, ಮಲೇರಿಯವೆಂದರೇನು ಎಂಬುದು ಚೆನ್ನಾಗಿ ಗೊತ್ತು. ಆದರೆ ಸೊಳ್ಳೆಗೆ ದೂರದ ನೆಂಟನೊಬ್ಬನಿದ್ದಾನೆ. ಅವನು ನೀರಿನಲ್ಲಿ ಹುಟ್ಟುವುದಿಲ್ಲ, ಕಿವಿಯ ಹತ್ತಿರ ಗುಂಯ್‌ಗುಡುವುದಿಲ್ಲ, ಸಾಮಾನ್ಯ ಸೊಳ್ಳೆಪರದೆಯ ಕಣ್ಣುಗಳಲ್ಲಿಯೇ ನುಸುಳಿ ಒಳಗೆ ಬರುತ್ತಾನೆ. ಇಂಗ್ಲಿಷಿನವರು ಸ್ಯಾಂಡ್‌ಫ್ಲೈ ಎಂದರು. ನಮ್ಮ ಪತ್ರಿಕೆಗಳು ಅದನ್ನೇ ಮರಳು ನೊಣವೆಂದು ಕರೆದವು. ಹೆಸರನ್ನು ನಂಬಿ ಸಮುದ್ರದ ದಂಡೆಯಲ್ಲಿ ಹುಡುಕಹೋದರೆ ನಮ್ಮ ದೇಶದಲ್ಲಿ ರೋಗ ಹರಡುವ ನೊಣ ಸಿಕ್ಕುವುದಿಲ್ಲ. ಮರಳಿನಂಥದು ಅದರ ಮೈಬಣ್ಣ. ಅದರ ವಾಸವೆಲ್ಲ ಮಣ್ಣಿನ ಗೋಡೆ, ದನದ ಕೊಟ್ಟಿಗೆ, ಇಲಿ ಹೆಗ್ಗಣಗಳ ಬಿಲ.

2024ರ ಮಳೆಗಾಲದಲ್ಲಿ ಗುಜರಾತಿನ ಮಕ್ಕಳಿಗೆ ಬಂದ ಜ್ವರದ ಸುದ್ದಿಯೊಂದಿಗೆ ಈ ನೊಣದ ಹೆಸರು ಮತ್ತೆ ಕೇಳಿಬಂದಿತು. ಆ ಸಂಗತಿಯನ್ನು ಮುಂದೆ ಹೇಳುತ್ತೇವೆ. ಮೊದಲು ನೊಣವನ್ನೇ ನೋಡೋಣ. ಅದರ ಬಾಳ್ವೆ ತಿಳಿಯದಿದ್ದರೆ, ಕಾಡು ಕಡಿದಲ್ಲಿ ರೋಗವೇಕೆ ಬರುತ್ತದೆ, ಸೆಕೆ ಹೆಚ್ಚಿದರೆ ರೋಗವೇಕೆ ಬೆಟ್ಟ ಹತ್ತುತ್ತದೆ ಎಂಬುದು ಅರ್ಥವಾಗುವುದಿಲ್ಲ.

ಇದರ ಉದ್ದ ಎರಡು ಮೂರು ಮಿಲಿಮೀಟರು, ಅಂದರೆ ಹೆಚ್ಚು ಕಡಿಮೆ ಒಂದು ಎಳ್ಳುಕಾಳು. ಮೈತುಂಬ ನವಿರಾದ ರೋಮ. ಕುಳಿತಾಗ ರೆಕ್ಕೆಗಳನ್ನು ಮಡಿಸದೆ ಮೇಲಕ್ಕೆತ್ತಿ ಹಿಡಿದಿರುತ್ತದೆ. ಹಾರಾಟವೆಂದರೆ ಕುಪ್ಪಳಿಸಿ ಕುಪ್ಪಳಿಸಿ ಹೋಗುವುದು. ಸ್ವಲ್ಪ ಗಾಳಿ ಬೀಸಿದರೂ ಹೊರಗೆ ಬರುವ ಧೈರ್ಯವಿಲ್ಲ. ಆದ್ದರಿಂದ ಹುಟ್ಟಿದ ಕೊಟ್ಟಿಗೆಯಿಂದ ಬಹಳ ದೂರ ಹೋಗುವುದಿಲ್ಲ. ಹೆಣ್ಣು ಮಾತ್ರ ರಕ್ತ ಹೀರುತ್ತದೆ, ಅದೂ ಸಾಧಾರಣವಾಗಿ ಸಂಜೆಯ ಮೇಲೆ. ಮೊಟ್ಟೆಯಿಡುವುದು ಮಣ್ಣಿನಲ್ಲಿ. ಆ ಮಣ್ಣು ತೇವವಾಗಿರಬೇಕು, ಆದರೆ ನೀರು ನಿಂತಿರಬಾರದು, ಸೆಗಣಿ, ಕೊಳೆತ ಹುಲ್ಲು, ಎಲೆ ಬೆರೆತಿರಬೇಕು, ಬಿಸಿಲು ಬೀಳಬಾರದು. ಮರಿಹುಳು ಆ ಕೊಳೆತದ್ದನ್ನೇ ತಿಂದು ಬೆಳೆಯುತ್ತದೆ. ಮೊಟ್ಟೆಯಿಂದ ನೊಣವಾಗಲು ಹವೆಯನ್ನನುಸರಿಸಿ ಒಂದರಿಂದ ಎರಡು ತಿಂಗಳು ಬೇಕು.

ಇಂಥ ದುರ್ಬಲ ಜೀವಿ ಉತ್ತರ ಹಿಂದುಸ್ಥಾನದ ಬೇಸಗೆಯಲ್ಲಿ ಒಂದು ಹಗಲನ್ನು ಬಯಲಿನಲ್ಲಿ ಕಳೆದರೆ ಒಣಗಿ ಸಾಯಬೇಕು. ಆದರೂ ಬದುಕುತ್ತದೆ. ಹೊರಗಿನ ಹವೆ ಒಂದಾದರೆ, ಗೋಡೆಯ ಬಿರುಕಿನೊಳಗಿನ ಹವೆಯೇ ಬೇರೆ. ಹೊರಗೆ ಉರಿಬಿಸಿಲಿದ್ದರೂ ದಪ್ಪ ಮಣ್ಣುಗೋಡೆಯ ಸಂದಿನಲ್ಲಿ ತಂಪು, ಕತ್ತಲೆ, ತೇವ ಇರುತ್ತವೆ. ಪಕ್ಕದಲ್ಲಿ ಕಟ್ಟಿದ ದನವಿರುವುದರಿಂದ ಊಟಕ್ಕೂ ಅಲೆಯಬೇಕಿಲ್ಲ. ನಾವು ನಮಗಾಗಿ ಕಟ್ಟಿಕೊಂಡ ನೆರಳು ಅದಕ್ಕೂ ನೆರಳಾಯಿತು. ಮಳೆ ಬಿಸಿಲುಗಳಷ್ಟೇ ಅಲ್ಲ, ಮನುಷ್ಯ ನೆಲವನ್ನು ಹೇಗೆ ಬಳಸುತ್ತಾನೆ, ಮನೆಯನ್ನು ಹೇಗೆ ಕಟ್ಟುತ್ತಾನೆ ಎಂಬುದೂ ಈ ನೊಣದ ಹಣೆಬರಹವನ್ನು ಬರೆಯುತ್ತದೆಂಬುದನ್ನು ವಾಚಕರು ಇಲ್ಲಿ ಗಮನಿಸಬೇಕು.

ಇದಕ್ಕೆ ಬಿಹಾರದ ಕಾಲಾ ಅಜಾರ್ ಜ್ವರಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಲಾರದು. ವಾರಗಟ್ಟಲೆ ಬಿಡದ ಜ್ವರ, ಇಳಿಯುತ್ತ ಹೋಗುವ ಮೈ, ರಕ್ತಹೀನತೆ, ಗುಲ್ಮ ಬೆಳೆದು ಉಬ್ಬಿದ ಹೊಟ್ಟೆ, ಕೆಲವರಲ್ಲಿ ಕಪ್ಪಾಗುವ ಚರ್ಮ ಇದರ ಲಕ್ಷಣ. ಚಿಕಿತ್ಸೆಯಿಲ್ಲದಿದ್ದರೆ ಬಹುಮಟ್ಟಿಗೆ ಮರಣವೇ. 19ನೆಯ ಶತಮಾನದಲ್ಲಿ ಬಂಗಾಳ, ಅಸ್ಸಾಮುಗಳಲ್ಲಿ ಹಳ್ಳಿಗೆ ಹಳ್ಳಿಯೇ ಇದರಿಂದ ಬರಿದಾದುದುಂಟು. ವೈದ್ಯರು ಬಹುಕಾಲ ಇದನ್ನು ಮಲೇರಿಯದ ಒಂದು ರೂಪವೆಂದೇ ಭಾವಿಸಿದ್ದರು. 1903ರಲ್ಲಿ ಲೀಶ್‌ಮನ್ ಎಂಬವರೂ, ಮದರಾಸಿನಲ್ಲಿದ್ದ ಡೊನೊವನ್ ಎಂಬವರೂ ಬೇರೆ ಬೇರೆಯಾಗಿ ಇದರ ರೋಗಾಣುವನ್ನು ಪ್ರಕಟಪಡಿಸಿದರು. ಇಬ್ಬರ ಹೆಸರನ್ನೂ ಕೂಡಿಸಿ ಅದಕ್ಕೆ ಲೀಶ್ಮೇನಿಯ ಡೊನೊವನಿ ಎಂದು ಹೆಸರಿಟ್ಟವರು ರೊನಾಲ್ಡ್ ರಾಸ್. ಚೆನ್ನೈಯ ನಮ್ಮ ಮಿತ್ರರು ತಮ್ಮೂರಿನ ದೊಡ್ಡಾಸ್ಪತ್ರೆಯ ಮುಂದೆ ಹಾದುಹೋಗುವಾಗ ಇದನ್ನು ನೆನೆಯಬಹುದು. ರೋಗಾಣು ಗೊತ್ತಾದರೂ ಅದನ್ನು ಹೊತ್ತು ತರುವವರು ಯಾರೆಂಬುದು ನಿಸ್ಸಂದೇಹವಾಗಿ ಗೊತ್ತಾಗಲು ಇನ್ನೂ ಸುಮಾರು ನಾಲ್ವತ್ತು ವರ್ಷ ಹಿಡಿಯಿತು. ತಿಗಣೆಯ ಮೇಲೂ ಅನುಮಾನವಿತ್ತು. ಕೊನೆಗೆ 1942ರಲ್ಲಿ ಸ್ವಾಮಿನಾಥ್, ಶಾರ್ಟ್, ಆಂಡರ್ಸನ್ ಎಂಬ ಮೂವರು, ತಾವಾಗಿ ಮುಂದೆ ಬಂದ ಮನುಷ್ಯರಿಗೆ ಮರಳು ನೊಣಗಳಿಂದ ಕಚ್ಚಿಸಿ ರೋಗ ಬರುವುದನ್ನು ತೋರಿಸಿಕೊಟ್ಟರು.

ಬಿಹಾರದ ಉತ್ತರ ಭಾಗವನ್ನು ಕಂಡವರಿಗೆ ನೊಣ ಅಲ್ಲೇಕೆ ನೆಲಸಿತೆಂಬುದು ತಾನಾಗಿ ತಿಳಿಯುತ್ತದೆ. ಗಂಡಕ, ಕೋಸಿ ಮುಂತಾದ ನದಿಗಳು ತಂದು ಹಾಕಿದ ಮೆಕ್ಕಲು ಮಣ್ಣು. ನಾಲ್ಕಡಿ ಅಗೆದರೆ ಪಸೆ. ಬಾಳೆ, ಬಿದಿರುಗಳ ನೆರಳು. ಮಣ್ಣು ಮೆತ್ತಿದ ಗೋಡೆಯ ಗುಡಿಸಿಲು, ಅದಕ್ಕೆ ಆತುಕೊಂಡೇ ದನದ ಕೊಟ್ಟಿಗೆ. ದನವು ಈ ರೋಗಾಣುವನ್ನು ಸಾಕುವುದಿಲ್ಲ. ನಮ್ಮ ದೇಶದ ಕಾಲಾ ಅಜಾರ್‌ನಲ್ಲಿ ಅದು ಮನುಷ್ಯನಿಂದ ನೊಣಕ್ಕೆ, ನೊಣದಿಂದ ಮನುಷ್ಯನಿಗೆ ಸಾಗುತ್ತದೆ. ಆದರೆ ನೊಣವನ್ನು ಸಾಕುವುದು ಕೊಟ್ಟಿಗೆಯೇ.

1953ರಲ್ಲಿ ಸರ್ಕಾರವು ಮಲೇರಿಯವನ್ನು ಹತ್ತಿಕ್ಕಲು ಮನೆಮನೆಗೂ ಡಿ.ಡಿ.ಟಿ. ಸಿಂಪಡಿಸತೊಡಗಿತು. ಗುರಿಯಿಟ್ಟದ್ದು ಸೊಳ್ಳೆಗೆ, ಆದರೆ ಅದೇ ಗೋಡೆಯ ಮೇಲೆ ಕೂರುತ್ತಿದ್ದ ಮರಳು ನೊಣವೂ ಸತ್ತಿತು. 1960ರ ದಶಕದ ಹೊತ್ತಿಗೆ ಕಾಲಾ ಅಜಾರ್ ಕಣ್ಮರೆಯಾದಂತೆಯೇ ಆಗಿತ್ತು. ಅದಕ್ಕಾಗಿ ಯಾರೂ ಒಂದು ಕಾಸನ್ನೂ ಬೇರೆಯಾಗಿ ಖರ್ಚು ಮಾಡಿರಲಿಲ್ಲ. ಮಲೇರಿಯ ತಗ್ಗಿತೆಂದು ಸಿಂಪಡಣೆ ನಿಂತಿತು. ಗೋಡೆ, ಕೊಟ್ಟಿಗೆ, ಪಸೆ ಎಲ್ಲವೂ ಮೊದಲಿನಂತೆಯೇ ಇದ್ದವು. 1970ರ ದಶಕದಲ್ಲಿ ರೋಗ ಮರಳಿತು, 1977ರಲ್ಲಿ ಉತ್ತರ ಬಿಹಾರದಲ್ಲಿ ದೊಡ್ಡ ಪಿಡುಗಾಗಿಯೇ ಹಬ್ಬಿತು. ಮುಂದೆ ನೊಣವು ಡಿ.ಡಿ.ಟಿ.ಗೆ ಒಗ್ಗಿಕೊಂಡು, 2015ರ ಸುಮಾರಿಗೆ ಬೇರೆ ಮದ್ದಿಗೆ ಹೋಗಬೇಕಾಯಿತು. ಮದ್ದು ನೊಣವನ್ನು ಕೊಲ್ಲಬಲ್ಲದು, ಬಿರುಕನ್ನು ಮುಚ್ಚಲಾರದು ಎಂದು ನಮ್ಮ ಅಭಿಪ್ರಾಯ. ಆದರೂ ಮದ್ದನ್ನು ಹಳಿಯುವಂತಿಲ್ಲ. ಬೇಗ ಪತ್ತೆ ಮಾಡುವುದು, ಒಳ್ಳೆಯ ಔಷಧ, ಸಿಂಪಡಣೆ ಈ ಮೂರನ್ನೂ ಕೂಡಿಸಿ ನಡೆದ ಕೆಲಸದಿಂದ ಬಾಂಗ್ಲಾದೇಶವು 2023ರಲ್ಲಿ ಈ ರೋಗವನ್ನು ಸಾರ್ವಜನಿಕ ಸಮಸ್ಯೆಯ ಮಟ್ಟದಿಂದ ಕೆಳಗಿಳಿಸಿದ ಮೊದಲ ದೇಶವೆನಿಸಿತು. ನಮ್ಮಲ್ಲಿಯೂ ರೋಗಿಗಳ ಸಂಖ್ಯೆ ಬಹಳ ಇಳಿದಿದೆ.

ನೆಲವನ್ನು ಬದಲಿಸಿದರೆ ನೊಣ ಹೆಚ್ಚುತ್ತದೆಂದು ಒಂದೇ ಮಾತಿನಲ್ಲಿ ಹೇಳಿಬಿಡುವವರೂ ಇದ್ದಾರೆ. ಅದು ಅರ್ಧ ಸತ್ಯ. ಮಧ್ಯ ಏಷ್ಯದ ಮರುಭೂಮಿಯಲ್ಲಿ ಜರ್ಬಿಲ್ ಎಂಬ ದೊಡ್ಡ ಇಲಿಯಿದೆ. ಅದರ ಆಳವಾದ ಬಿಲದೊಳಗೆ ತಂಪಾದ ಪಸೆಯಿರುವುದರಿಂದ ಮರಳು ನೊಣ ಅಲ್ಲೇ ಹುಟ್ಟಿ, ಇಲಿಯ ರಕ್ತ ಕುಡಿದು, ಚರ್ಮದ ಹುಣ್ಣಿನ ರೋಗಾಣುವನ್ನು ಇಲಿಯಿಂದ ಇಲಿಗೆ ದಾಟಿಸುತ್ತಿರುತ್ತದೆ. ಮನುಷ್ಯನ ಗೊಡವೆಯೇ ಅದಕ್ಕಿಲ್ಲ. ಕಾಲುವೆ ತೋಡಲು, ರಸ್ತೆ ಹಾಕಲು ಬಂದ ಕೂಲಿಗಳು ಆ ಬಿಲಗಳ ಪಕ್ಕದಲ್ಲಿ ಡೇರೆ ಹೊಡೆದಾಗ ಅವರ ಮುಖ ಕೈಗಳಲ್ಲಿ ಹುಣ್ಣೆದ್ದವು. ಇಂಥ ಸಂಗತಿಗಳನ್ನು ಕಂಡೇ ಪಾವ್ಲೊವ್‌ಸ್ಕಿ ಎಂಬ ರಷ್ಯದ ವಿಜ್ಞಾನಿ, ಕೆಲವು ರೋಗಗಳಿಗೆ ಪ್ರಕೃತಿಯಲ್ಲಿಯೇ ತಮ್ಮದೊಂದು ನೆಲೆಯಿದ್ದು, ಮನುಷ್ಯನು ಆ ನೆಲೆಯೊಳಗೆ ಕಾಲಿಟ್ಟಾಗ ಅವು ಅವನಿಗೆ ತಗಲುತ್ತವೆಂಬ ಸಿದ್ಧಾಂತವನ್ನು 1939ರಲ್ಲಿ ಮುಂದಿಟ್ಟರು. ಆದರೆ ಅದೇ ನೆಲವನ್ನು ಆಳವಾಗಿ ಉತ್ತು ಬಿಲಗಳನ್ನು ನಾಶಮಾಡಿದ ಕಡೆ ಇಲಿಯೂ ಹೋಯಿತು, ನೊಣವೂ ಹೋಯಿತು, ಹುಣ್ಣೂ ತಗ್ಗಿತು. ಅರೆಬರೆ ಕೆಲಸವಾದ ಅಂಚಿನ ನೆಲವೇ ಅಪಾಯದ್ದು.

ನಮ್ಮ ಶಿವಮೊಗ್ಗದವರಿಗೆ ಈ ಮಾತು ಬೇಗ ಹಿಡಿಸೀತು. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆಯನ್ನು ತರುವುದು ನೊಣವಲ್ಲ, ಉಣ್ಣೆ. ಆದರೆ ಅಲ್ಲಿಯೂ ಕಾಡಿನ ಅಂಚಿನಲ್ಲಿ ದನ ಮೇಯಿಸುವವನು, ಸೌದೆ ಸೊಪ್ಪು ತರುವವನೇ ಅದಕ್ಕೆ ಮೊದಲು ಸಿಕ್ಕಿಬಿದ್ದವನು.

ಅಂಚಿನ ನೆಲವೆಂದರೆ ಕಾಡಿನ ಅಂಚೇ ಆಗಬೇಕಿಲ್ಲ. ಪಟ್ಟಣದ ಅಂಚೂ ಆಗಬಹುದು. ಬ್ರೆಜಿಲ್ ದೇಶದ ಈಶಾನ್ಯದಲ್ಲಿ ತೆರೆಸಿನ ಎಂಬ ನಗರವಿದೆ. ಅಲ್ಲಿ ಕಾಲಾ ಅಜಾರ್‌ನ ಬಳಗದ ಜ್ವರವು ಹಳ್ಳಿಗಾಡಿನದೆಂದೇ ಎಲ್ಲರ ಎಣಿಕೆಯಾಗಿತ್ತು. ಬರ ಬಿದ್ದು ಬೆಳೆ ಹೋದ ಜನ ಕೂಲಿಗಾಗಿ ನಗರಕ್ಕೆ ಬಂದರು. ಒಳಗೆ ಬಾಡಿಗೆ ಕೊಡಲಾರದೆ, ಹೊರವಲಯದ ಗಿಡಗಂಟಿ ಕಡಿದು ಗುಡಿಸಿಲು ಹಾಕಿದರು. ಜೊತೆಗೆ ಕೋಳಿ, ಹಂದಿ, ನಾಯಿ. ಅಲ್ಲಿಯ ಮರಳು ನೊಣಕ್ಕೆ ಕೋಳಿಗೂಡಿನ ಮಣ್ಣು ಸಾಕು, ರೋಗಾಣುವಿಗೆ ನಾಯಿಯೇ ಆಶ್ರಯ. 1980ರ ದಶಕದ ಮೊದಲಲ್ಲಿ ನಗರದೊಳಗೆ ರೋಗ ಹಬ್ಬಿತು, ಮುಂದೆ ಆ ದೇಶದ ಬೇರೆ ನಗರಗಳಿಗೂ ಹೋಯಿತು. ಬರ ಬಂದದ್ದು ಆಕಾಶದಿಂದ. ನೊಣಕ್ಕೆ ಮನೆ ಸಿಕ್ಕಿದ್ದು ಬಡವನಿಗೆ ಮನೆ ಸಿಕ್ಕದ್ದರಿಂದ. ಊರು ಬಿಟ್ಟು ಬಂದ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಇನ್ನು ಹವೆಯ ಮಾತು. ಸೆಕೆ ಹೆಚ್ಚಿದರೆ ಒಂದು ಮಿತಿಯವರೆಗೆ ನೊಣದ ಮರಿ ಬೇಗ ಬೆಳೆಯುತ್ತದೆ, ನೊಣದ ಹೊಟ್ಟೆಯೊಳಗಿನ ರೋಗಾಣುವೂ ಸಾಮಾನ್ಯವಾಗಿ ಬೇಗ ಬಲಿಯುತ್ತದೆ. ಚಳಿಗಾಲ ಮೊಟಕಾದರೆ ನೊಣ ಓಡಾಡುವ ತಿಂಗಳುಗಳು ಹೆಚ್ಚುತ್ತವೆ. ಮೊದಲು ತೀರ ತಣ್ಣಗಿದ್ದ ಬೆಟ್ಟಪ್ರದೇಶ ಅದಕ್ಕೆ ಸಹ್ಯವಾಗುತ್ತದೆ. ರೋಗವಿಲ್ಲವೆಂದು ಎಣಿಸಿದ್ದ ನೇಪಾಳದ ಗುಡ್ಡಗಾಡಿನ ಜಿಲ್ಲೆಗಳಲ್ಲಿ ಈಚಿನ ವರ್ಷಗಳಲ್ಲಿ ಕಾಲಾ ಅಜಾರ್ ಕಂಡುಬಂದಿದೆ. ಮಳೆಯ ಲೆಕ್ಕ ಇಷ್ಟು ಸುಲಭವಲ್ಲ. ಹದವಾದ ಮಳೆ ಮಣ್ಣಿಗೆ ತೇವ ಕೊಟ್ಟು ನೊಣಕ್ಕೆ ಅನುಕೂಲ ಮಾಡುತ್ತದೆ, ಜಡಿಮಳೆ ನೆರೆಗಳು ಮರಿಹುಳುಗಳನ್ನು ಮುಳುಗಿಸುತ್ತವೆ. ಅದೇ ನೆರೆ ಇಳಿದ ಮೇಲೆ ಗೋಡೆಯಲ್ಲಿ ಹೊಸ ಬಿರುಕು ಬಿಟ್ಟಿರುತ್ತದೆ. ಎಲ್ಲವನ್ನೂ ಹವೆಯ ತಲೆಗೆ ಕಟ್ಟುವುದು ಈಗ ವಾಡಿಕೆಯಾಗಿದೆ. ಬೆಟ್ಟಕ್ಕೆ ಬಯಲಿನ ಜನ ಹೋಗಿ ಬರುವ ರಸ್ತೆಯಾಗಿದ್ದರೆ, ರೋಗಾಣು ಹತ್ತಿದ್ದು ಸೆಕೆಯಿಂದಲೋ ಬಸ್ಸಿನಿಂದಲೋ ಎಂದು ವಿಚಾರಿಸಬೇಕು. ಎಷ್ಟೋ ವೇಳೆ ಎರಡರಿಂದಲೂ.

ಈಗ ಗುಜರಾತಿನ ಸುದ್ದಿಗೆ ಬರೋಣ. 1965ರಲ್ಲಿ ನಾಗಪುರದ ಕಡೆಯ ಚಾಂದಿಪುರವೆಂಬ ಊರಿನ ಜ್ವರಪೀಡಿತರ ರಕ್ತದಲ್ಲಿ ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಹೊಸದೊಂದು ವೈರಸ್ಸನ್ನು ಕಂಡರು. ಮುಂದೆ ಅದು ಮರಳು ನೊಣಗಳಲ್ಲಿಯೂ ಸಿಕ್ಕಿತು. ಬಹಳ ವರ್ಷ ಅದನ್ನು ಯಾರೂ ಅಷ್ಟಾಗಿ ಲೆಕ್ಕಿಸಲಿಲ್ಲ. 2003ರಲ್ಲಿ ಆಗಿನ ಆಂಧ್ರಪ್ರದೇಶದಲ್ಲಿ 329 ಮಕ್ಕಳು ಮಿದುಳು ಜ್ವರಕ್ಕೆ ಸಿಕ್ಕಿ 183 ಮಂದಿ ತೀರಿಕೊಂಡಾಗ ಈ ವೈರಸ್ಸೇ ಕಾರಣವೆಂದು ಕಂಡುಬಂದಿತು. 2024ರ ಜೂನ್ ಮೊದಲಿನಿಂದ ಆಗಸ್ಟ್ ನಡುವಿನವರೆಗೆ, ಹೆಚ್ಚಾಗಿ ಗುಜರಾತಿನಲ್ಲಿ, 245 ಮಂದಿಗೆ ಮಿದುಳು ಜ್ವರ ಬಂದು 82 ಮಂದಿ ಸತ್ತರು. ಅವರಲ್ಲಿ 64 ಮಂದಿಗೆ ಚಾಂದಿಪುರ ವೈರಸ್ ತಗಲಿದ್ದು ಪರೀಕ್ಷೆಯಿಂದ ಖಚಿತವಾಯಿತು. ಸಾಮಾನ್ಯವಾಗಿ ಹದಿನೈದು ವರ್ಷದೊಳಗಿನ ಮಕ್ಕಳಿಗೆ, ಬೇಸಗೆ ಮುಗಿದು ಮಳೆ ಹಿಡಿಯುವ ಹೊತ್ತಿಗೆ ಇದು ಬರುತ್ತದೆ. ಜ್ವರ, ವಾಂತಿ, ಫಿಟ್ಸು, ಎಚ್ಚರ ತಪ್ಪುವುದು. ಕೆಲವರಲ್ಲಿ ಒಂದೆರಡು ದಿನದೊಳಗೇ ಸಾವು. ಇದಕ್ಕೆಂದೇ ಇರುವ ಔಷಧವಿಲ್ಲ, ಲಸಿಕೆಯಿಲ್ಲ. ಬೇಗ ಆಸ್ಪತ್ರೆ ಸೇರಿದರೆ ಫಿಟ್ಸು ತಡೆದು, ಉಸಿರು ಕಾಯ್ದು ಉಳಿಸಿಕೊಳ್ಳುವ ಅವಕಾಶವಿರುತ್ತದೆ.

ಜೂನ್ ಹೊತ್ತಿಗೆ ಹೆಂಡತಿ ಮಕ್ಕಳನ್ನು ಊರಿನಲ್ಲಿ ಬಿಟ್ಟಿರುವ ಬೀದರ, ಕಲಬುರಗಿಯ ಕಡೆಯ ಮಿತ್ರರು ನಮ್ಮಲ್ಲಿ ಅನೇಕರಿದ್ದಾರೆ. ಭಯಪಡಿಸಲೆಂದು ಇದನ್ನು ಬರೆದಿಲ್ಲ. ಆದರೆ ಅಲ್ಲಿಯೂ ಮಣ್ಣಿನ ಗಿಲಾವಿನ ಹಳೆಯ ಕಲ್ಲುಗೋಡೆ, ಮಗ್ಗುಲಲ್ಲಿ ಎತ್ತಿನ ಕೊಟ್ಟಿಗೆ ಇರುವುದುಂಟು. ಮಗುವಿಗೆ ಜ್ವರದೊಂದಿಗೆ ಫಿಟ್ಸು ಬಂದರೆ ಬೆಳಗಾಗಲೆಂದು ಕಾಯದೆ, ಮಂತ್ರ ತಾಯಿತಗಳಲ್ಲಿ ಹೊತ್ತು ಕಳೆಯದೆ, ಆ ಗಳಿಗೆಯಲ್ಲೇ ದೊಡ್ಡ ಆಸ್ಪತ್ರೆಗೆ ಒಯ್ಯಬೇಕೆಂದು ಊರಿಗೆ ಫೋನು ಮಾಡಿದಾಗ ಹೇಳಿಡುವುದು ಒಳ್ಳೆಯದು. ಈ ಸಲ ರಜೆಗೆ ಹೋದಾಗ ಗೋಡೆಯನ್ನು ನೆಲದಿಂದ ಆರಡಿಯವರೆಗೆ ಒಮ್ಮೆ ನೋಡಿರಿ. ಈ ನೊಣ ಹೆಚ್ಚಾಗಿ ಕೂರುವುದು ಅಷ್ಟು ಎತ್ತರದೊಳಗೇ. ಬಿರುಕುಗಳಿಗೆ ಸುಣ್ಣ ಬೆರೆಸಿದ ಮಣ್ಣು ಮೆತ್ತಿಸಬೇಕು. ಬಿಹಾರದಲ್ಲಿ ಹೀಗೆ ಮಾಡಿ ನೋಡಿದಾಗ, ಮದ್ದು ಸಿಂಪಡಿಸಿದಷ್ಟಲ್ಲದಿದ್ದರೂ, ನೊಣ ಕಡಿಮೆಯಾಯಿತು. ತಿಪ್ಪೆ ಮನೆಯಿಂದ ದೂರವಿರಲಿ. ಮಕ್ಕಳು ಮಲಗುವುದು ಕೊಟ್ಟಿಗೆಯ ಮಗ್ಗುಲಾಗದಿರಲಿ. ಪರದೆ ಕೊಳ್ಳುವುದಾದರೆ ಕಣ್ಣು ಸಣ್ಣದಾದ ಪರದೆಯನ್ನೋ, ಮದ್ದು ಹಾಕಿದ್ದನ್ನೋ ಕೇಳಿ ಕೊಳ್ಳಬೇಕು.

ಇನ್ನೊಂದು ಮಾತು ಇಲ್ಲಿಯ ಕೆಲಸದ ಜಾಗದ್ದು. ಕಾಲಾ ಅಜಾರ್ ಕಚ್ಚಿದ ಮರುದಿನ ಬರುವ ಜ್ವರವಲ್ಲ. ತಿಂಗಳುಗಟ್ಟಲೆ ಒಳಗೇ ಇದ್ದು ಆಮೇಲೆ ಮೇಲೇಳುತ್ತದೆ. ಮುಜಫರಪುರದ ಕಡೆಯಿಂದ ಬಂದು ನಮ್ಮ ಜೊತೆ ದುಡಿಯುವವನು ಊರಿನಲ್ಲಿ ಕಚ್ಚಿಸಿಕೊಂಡು ಪುಣೆಯಲ್ಲೋ ದಿಲ್ಲಿಯಲ್ಲೋ ಮಲಗಬಹುದು. ಇಲ್ಲಿಯ ವೈದ್ಯರು ಮಲೇರಿಯ, ಟೈಫಾಯಿಡ್ ಎಂದು ಒಂದೊಂದಾಗಿ ಪರೀಕ್ಷಿಸುತ್ತ ಹೋಗುವುದು ಸಹಜ, ಏಕೆಂದರೆ ಈ ರೋಗ ಅವರ ಕಣ್ಣಿಗೆ ಬೀಳುವುದು ಅಪರೂಪ. ಎರಡು ವಾರ ದಾಟಿದ ಜ್ವರ, ಎಡಪಕ್ಕೆಯ ಕೆಳಗೆ ಗಟ್ಟಿ ಇದ್ದರೆ, ತನ್ನ ಊರು ಯಾವುದೆಂಬುದನ್ನು ವೈದ್ಯರಿಗೆ ಹೇಳುವಂತೆ ಅವನಿಗೆ ತಿಳಿಸಬೇಕು. ಬೆರಳ ತುದಿಯ ರಕ್ತದಿಂದ ಕೆಲವು ನಿಮಿಷಗಳಲ್ಲಿ ನೋಡುವ ಪರೀಕ್ಷೆಯಿದೆ. ಒಂದೇ ದಿನದ ಒಂದೇ ಇಂಜೆಕ್ಷನ್ನಿನ ಚಿಕಿತ್ಸೆಯೂ 2014ರಿಂದೀಚೆಗೆ ನಮ್ಮ ದೇಶದ ಸರ್ಕಾರಿ ಕಾರ್ಯಕ್ರಮದಲ್ಲಿ ಬಂದಿದೆ. ವಾಸಿಯಾದ ಮೇಲೆ ಕೆಲವರಿಗೆ ತಿಂಗಳುಗಳೋ ವರ್ಷಗಳೋ ಕಳೆದು ಮುಖ ಮೈಗಳ ಮೇಲೆ ಬಿಳಿಚಿದ ಮಚ್ಚೆ, ಗಂಟುಗಳು ಏಳುವುದುಂಟು. ಅದನ್ನು ಕುಷ್ಠವೆಂದು ತಿಳಿದು ಅಂಥವನನ್ನು ಖೋಲಿಯಿಂದ ಹೊರಗೆ ಹಾಕಿದರೆ ಅವನು ಮಚ್ಚೆಯನ್ನು ಮುಚ್ಚಿಟ್ಟುಕೊಂಡು ತಿರುಗುತ್ತಾನೆ, ಆ ಮಚ್ಚೆಯಿಂದ ನೊಣ ಮತ್ತೆ ರೋಗಾಣುವನ್ನು ಪಡೆಯುತ್ತದೆ. ಅವನನ್ನು ಮುಟ್ಟಿದರೆ, ಅವನ ಜೊತೆ ಉಂಡರೆ ರೋಗ ಬರುವುದಿಲ್ಲ. ಅದಕ್ಕೂ ಔಷಧವಿದೆ, ಆದರೆ ವಾರಗಟ್ಟಲೆ ಬಿಡದೆ ತೆಗೆದುಕೊಳ್ಳಬೇಕು.